ಪಹಣಿಯಲ್ಲಿ ಇಲ್ಲದ ಹೆಸರು: ಹುಲಿಹೈದರ ಸೀಮೆಯ ಹೆಣ್ಣು, ನೆಲ ಮತ್ತು ನೀರಿನ ಚರಿತ್ರೆ

ಪಹಣಿಯ ಒಂಬತ್ತನೇ ಕಾಲಂನಲ್ಲಿ ಜಮೀನಿನ ಮಾಲೀಕರ ಹೆಸರು ಇರುತ್ತದೆ. ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ, ಬೀಜ ಗೊಬ್ಬರದ ರಿಯಾಯಿತಿ, ಕೃಷಿಹೊಂಡ, ಭೂಸ್ವಾಧೀನದ ಹಣ, ಇವೆಲ್ಲವೂ ಮೊದಲು ಕೇಳುವುದು ಆ ಹೆಸರನ್ನು. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಹೊಲದ ಕೆಲಸದ ದೊಡ್ಡ ಪಾಲು ಹೆಂಗಸರದು. ಆದರೆ ಅವರ ಹೆಸರು ಈ ಕಾಲಂಗೆ ಬರುವುದು ಹೆಚ್ಚಾಗಿ ಗಂಡ ತೀರಿಕೊಂಡ ಮೇಲೆ, ಅದೂ ಗಂಡುಮಕ್ಕಳು ಚಿಕ್ಕವರಿದ್ದರೆ. 2015–16ರ ಕೃಷಿ ಗಣತಿಯಂತೆ ಇಡೀ ಭಾರತದಲ್ಲಿ ಹೆಂಗಸರು ನಡೆಸುವ ಹಿಡುವಳಿಗಳು ಸುಮಾರು 14%. ಇದನ್ನು ಕೇವಲ ಹಳೆಯ ಸಂಪ್ರದಾಯದ ಫಲ ಎನ್ನಲಾಗದು. ಎರಡು ಶತಮಾನಗಳ ಆಡಳಿತ ನೆಲವನ್ನು ಅಳೆದ, ಕಂದಾಯ ಕಟ್ಟಿದ, ಜನರನ್ನು ಎಣಿಸಿದ ರೀತಿಗೂ ಇದರಲ್ಲಿ ಪಾಲಿದೆ.

ಹುಲಿಹೈದರ ಹಿಂದೆ ಗಂಗಾವತಿ ತಾಲ್ಲೂಕಿಗೆ ಸೇರಿತ್ತು, ಈಗ ಕನಕಗಿರಿ ತಾಲ್ಲೂಕಿನಲ್ಲಿದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿನ ಪಶ್ಚಿಮ ಭಾಗ ಇದು. ದಕ್ಷಿಣಕ್ಕೆ ಗಂಗಾವತಿಯ ಗದ್ದೆಬಯಲು, ಪಶ್ಚಿಮಕ್ಕೂ ಉತ್ತರಕ್ಕೂ ಕುಷ್ಟಗಿ, ಯಲಬುರ್ಗಾಗಳ ಬೆದ್ದಲು. ಮಳೆ ನಂಬಿ ಬದುಕುವ ಈ ಸೀಮೆಯಲ್ಲಿ ಸಜ್ಜೆ, ಜೋಳ, ನವಣೆ, ತೊಗರಿ, ಹೆಸರು, ಮಡಿಕೆ, ಗುರೆಳ್ಳು, ಔಡಲಗಳನ್ನು ಬೆರೆಸಿ ಬೆಳೆಯುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂಬ ಲೆಕ್ಕ ಅದರ ಹಿಂದಿತ್ತು.

ಆ ಬೇಸಾಯದಲ್ಲಿ ಬೀಜ ಹೆಂಗಸರ ಕೈಯಲ್ಲಿತ್ತು. ಸುಗ್ಗಿಯಲ್ಲಿ ಒಳ್ಳೆಯ ತೆನೆ ಆರಿಸಿ ಬೇರೆ ಇಡುವುದು, ಬೂದಿ ಮತ್ತು ಬೇವಿನೆಲೆ ಬೆರೆಸಿ ಗಡಿಗೆಯಲ್ಲಿ ತುಂಬಿಡುವುದು, ಹುಳ ಹಿಡಿಯದಂತೆ ಆಗಾಗ ಬಿಸಿಲಿಗೆ ಹಾಕುವುದು ಅವರ ಕೆಲಸ. ಬಿತ್ತನೆಯ ದಿನ ಗಂಡಸು ಎತ್ತು ಹೊಡೆದರೆ, ಹೆಂಗಸು ಉಡಿ ಕಟ್ಟಿಕೊಂಡು ಕೂರಿಗೆಯ ಹಿಂದೆ ಬಟ್ಟಲಿಗೆ ಬೀಜ ಬಿಡುತ್ತಿದ್ದಳು. ಅಕ್ಕಡಿ ಸಾಲಿನ ಕಾಳನ್ನು ಹಿಂದೆ ಕಟ್ಟಿದ ಸಡ್ಡೆಯಲ್ಲಿ ಬಿಡುವವಳೂ ಹೆಂಗಸೇ. ಬೆರಳ ಸಂದಿನಿಂದ ಕಾಳು ಒಂದೇ ಹದದಲ್ಲಿ ಬೀಳದಿದ್ದರೆ ಒಂದು ಕಡೆ ಪೈರು ದಟ್ಟವಾಗುತ್ತದೆ, ಇನ್ನೊಂದು ಕಡೆ ಸಾಲು ಬರಿದಾಗುತ್ತದೆ. ವರ್ಷದ ಬೆಳೆ ಈ ಕೈಹದದ ಮೇಲೆ ನಿಂತಿತ್ತು. ಹಾಗೆಂದು ಆ ಕಾಲವನ್ನು ಹೆಣ್ಣಿನ ಸುವರ್ಣಯುಗ ಎನ್ನುವಂತಿಲ್ಲ. ಜಾತಿಯ ಕಟ್ಟು ಬಿಗಿಯಾಗಿತ್ತು. ದಲಿತ ಹೆಂಗಸರಿಗೆ ಬೀಜದ ಜ್ಞಾನವಿದ್ದರೂ ಬಿತ್ತಲು ಸ್ವಂತ ನೆಲ ಇರುತ್ತಿದ್ದುದು ಅಪರೂಪ. ಆದರೂ ಬೇಸಾಯದ ಒಂದು ಮುಖ್ಯ ತೀರ್ಮಾನ ಹೆಂಗಸಿನದಾಗಿತ್ತು, ಮತ್ತು ಊರು ಅದನ್ನು ಒಪ್ಪಿತ್ತು.

ಬೇಸಾಯ ಬಿಟ್ಟರೆ ಕೈಗೆ ನಾಲ್ಕು ಕಾಸು ತರುತ್ತಿದ್ದುದು ನೂಲು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್, ಹೆಂಗಸರು ಹತ್ತಿ ಕೊಂಡು ಮನೆಯಲ್ಲಿ ನೂತು ವಾರದ ಸಂತೆಯಲ್ಲಿ ನೇಕಾರರಿಗೆ ನೂಲು ಮಾರುತ್ತಿದ್ದುದನ್ನು ದಾಖಲಿಸಿದ್ದಾನೆ. ಹತ್ತಿ ಬೆಳೆಯುವ ದೋಆಬಿನಲ್ಲೂ ಬಳ್ಳಾರಿ, ಧಾರವಾಡಗಳಲ್ಲೂ ರಾಟೆ ಮನೆಗೆಲಸದ ಭಾಗವಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಗಿರಣಿಯ ನೂಲು ಬಂತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಅರಳೆಗೆ ಬೇಡಿಕೆ ಏರಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹೊಸಪೇಟೆ, ಕೊಪ್ಪಳ, ಗದಗಗಳನ್ನು ಒಂದೇ ಹಳಿಗೆ ಸೇರಿಸಿತು. ಅರಳೆ ಹೊರಗೆ ಹೋಗುವ, ಗಿರಣಿ ನೂಲು ಒಳಗೆ ಬರುವ ದಾರಿ ಸಲೀಸಾಯಿತು. ಮಗ್ಗಗಳು ಹೇಗೋ ಉಳಿದುಕೊಂಡವು. ಭಾಗ್ಯನಗರ, ಇಳಕಲ್ಲು, ದೋಟಿಹಾಳಗಳ ನೇಕಾರರು ಗಿರಣಿ ನೂಲಿನಲ್ಲೇ ನೇಯತೊಡಗಿದರು. ರಾಟೆ ಉಳಿಯಲಿಲ್ಲ. ನೇಕಾರರ ಕಷ್ಟ ಸರ್ಕಾರಿ ವರದಿಗಳಿಗೆ ವಿಷಯವಾಯಿತು. ನೂಲುವ ಹೆಂಗಸರು ಕಳೆದುಕೊಂಡ ಆದಾಯಕ್ಕೆ ಅಷ್ಟು ಗಮನ ಸಿಗಲಿಲ್ಲ.

ಈ ಸೀಮೆ ಬ್ರಿಟಿಷರ ನೇರ ಆಳ್ವಿಕೆಯಲ್ಲಿ ಇದ್ದದ್ದು ಕಡಿಮೆ. ಆದರೆ ಅವರ ಪದ್ಧತಿಯಿಂದ ಹೊರಗೂ ಇರಲಿಲ್ಲ. 1800ರಲ್ಲಿ ಇಲ್ಲಿನ ಅರಸನಾದ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆಯೇ ಗಡಿಯಾಯಿತು. ಬಲದಂಡೆಯಲ್ಲಿ ಕಂಪನಿ, ಎಡದಂಡೆಯಲ್ಲಿ ನಿಜಾಮ. ಆಚೆ ದಡದಲ್ಲಿ ಹೀಗೆ ಬಿಟ್ಟುಕೊಟ್ಟ ದತ್ತಮಂಡಲಗಳಲ್ಲಿ 1800ರಿಂದ 1807ರವರೆಗೆ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಹೊಲ ಹೊಲವನ್ನೂ ಅಳೆಸಿ ರೈತವಾರಿ ಪದ್ಧತಿಯನ್ನು ಕಟ್ಟಿದ. ಈಚೆ ದಡಕ್ಕೆ ಅದು ತಡವಾಗಿ ಬಂತು. ಬಾಕಿ ಸಾಲದ ಕಾರಣಕ್ಕೆ 1853ರಲ್ಲಿ ನಿಜಾಮ ಬೀರಾರಿನ ಜೊತೆಗೆ ರಾಯಚೂರು ದೋಆಬನ್ನೂ ಬ್ರಿಟಿಷರ ವಶಕ್ಕೆ ಕೊಡಬೇಕಾಯಿತು. 1860ರಲ್ಲಿ ದೋಆಬು ಮರಳಿ ಬಂತು. ನಡುವೆ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆ ಹಿಡಿದು ಅಲ್ಲೇ ಮಡಿದ. ಆಮೇಲೆ ಹೈದರಾಬಾದಿನ ದಿವಾನ ಮೊದಲನೇ ಸಾಲಾರ್ ಜಂಗ್ 1865ರಲ್ಲಿ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸುವ ಜಿಲ್ಲಾಬಂದಿ ತಂದು, ಮುಂದೆ ಮುಂಬಯಿ ಪ್ರಾಂತದ ಮಾದರಿಯಲ್ಲಿ ಸರ್ವೆ ಸೆಟ್ಲ್‌ಮೆಂಟ್ ಮಾಡಿಸಿದ. ಕೊಪ್ಪಳ, ಯಲಬುರ್ಗಾ ಭಾಗ ಅವನ ಮನೆತನದ ಜಹಗೀರೇ ಆಗಿತ್ತು. ಅರಸೊತ್ತಿಗೆ ಹೈದರಾಬಾದಿನದು, ಕಡತದ ಭಾಷೆ ಫಾರಸಿ, ಮುಂದೆ ಉರ್ದು. ಆದರೆ ಅಳತೆಯ ಕ್ರಮವನ್ನು ಬ್ರಿಟಿಷ್ ಸರ್ವೆಯಿಂದ ಕಲಿತದ್ದು.

ಆ ಕ್ರಮಕ್ಕೆ ಒಂದು ಹೊಲಕ್ಕೆ ಒಂದು ನಂಬರು, ಒಂದು ನಂಬರಿಗೆ ಒಬ್ಬ ಪಟ್ಟೇದಾರ ಬೇಕಿತ್ತು. ಕಂದಾಯ ತಪ್ಪಿದರೆ ಹಿಡಿದು ಕೇಳಲು ಒಬ್ಬ ಮನುಷ್ಯ ಇರಬೇಕಿತ್ತು. ಒಂದೇ ಹೊಲದ ಮೇಲೆ ಹಿಂದೆ ಹಲವರ ಹಕ್ಕುಗಳಿದ್ದವು. ವಿಧವೆಗೆ ಬದುಕುವಷ್ಟು ಪಾಲು, ತವರಿಗೆ ಮರಳಿದ ಮಗಳಿಗೆ ಒಂದು ಪಟ್ಟಿ ನೆಲ, ಬದುವಿನ ಹುಲ್ಲು ಕೊಯ್ಯುವ, ತೆನೆ ಆಯುವ ರೂಢಿ, ಇವೆಲ್ಲ ಊರಿನ ನೆನಪಿನಲ್ಲಿ ಇದ್ದವು. ಸರ್ವೆಯ ಪುಸ್ತಕದಲ್ಲಿ ಇವಕ್ಕೆ ಜಾಗವಿರಲಿಲ್ಲ. ಬರೆದದ್ದು ಮನೆಯ ಯಜಮಾನನ ಹೆಸರನ್ನು. ಊರಿನಲ್ಲಿ ಮೊದಲೇ ಇದ್ದ ಗಂಡಸಿನ ಮೇಲುಗೈಗೆ ಹೀಗೆ ಸರ್ಕಾರದ ಮೊಹರು ಬಿತ್ತು. ಅಲ್ಲಿಯವರೆಗೆ ಮನೆಯೊಳಗೆ ಜಗಳ ಮಾಡಿ, ಹಿರಿಯರನ್ನು ಕೂಡಿಸಿ ಕೇಳಬಹುದಾಗಿದ್ದ ಪಾಲು ಆಮೇಲೆ ಕಾಗದ ತೋರಿಸಿದರಷ್ಟೇ ಸಿಗುವಂತಾಯಿತು.

ಜನಗಣತಿ ಇನ್ನೊಂದು ಕಡತವನ್ನು ತಂದಿತು. ಹೈದರಾಬಾದ್ ಸಂಸ್ಥಾನವೂ ಸೇರಿದ 1881ರ ಗಣತಿಯಿಂದ ಮುಂದೆ ಜನರ ಕಸುಬನ್ನು ಬರೆದುಕೊಳ್ಳುವ ವಿಧಾನ ಗಟ್ಟಿಯಾಯಿತು. 1901ರ ಹೊತ್ತಿಗೆ ಜನ ದುಡಿಯುವವರು ಮತ್ತು ಅವಲಂಬಿತರು ಎಂದು ಎರಡಾಗಿದ್ದರು. ಸ್ವಂತ ಹೊಲದಲ್ಲಿ ಕಳೆ ಕಿತ್ತು, ಬೀಜ ಬಿಟ್ಟು, ದನ ಮೇಯಿಸಿ, ಹೈನು ಮಾಡುವ ಹೆಂಗಸು ಎಷ್ಟೋ ಸಲ ಅವಲಂಬಿತರ ಪಟ್ಟಿಗೆ ಬಿದ್ದಳು. ಈ ವಿಂಗಡಣೆಯ ಹಿಂದೆ ಇಂಗ್ಲೆಂಡಿನ ಮಧ್ಯಮವರ್ಗದ ಮನೆ ಇತ್ತು: ಗಂಡ ದುಡಿದು ತರುವವನು, ಹೆಂಡತಿ ಮನೆ ನೋಡಿಕೊಳ್ಳುವವಳು. ದೋಆಬಿನ ಬೆದ್ದಲಲ್ಲಿ ಅಂಥ ಮನೆ ದೀಪ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ. ಆದರೂ ಅಂಕಿಗಳು ಆ ಲೆಕ್ಕದಲ್ಲೇ ತಯಾರಾದವು, ಮುಂದಿನ ಯೋಜನೆಗಳು ಆ ಅಂಕಿಗಳನ್ನು ನೋಡಿ ತಯಾರಾದವು.

ಹೆಣ್ಣು ಮತ್ತು ಆಸ್ತಿಯ ಸಂಬಂಧ ಅತ್ಯಂತ ಕಠಿಣವಾಗಿ ಕಾಣುವುದು ದೇವದಾಸಿ ಪದ್ಧತಿಯ ಒಂದು ರೂಪವಾದ ಬಸವಿ ಪದ್ಧತಿಯಲ್ಲಿ. ಬಳ್ಳಾರಿಯಲ್ಲೂ ದೋಆಬಿನಲ್ಲೂ ಗಂಡುಸಂತಾನ ಇಲ್ಲದ ಮನೆಯವರು ಒಬ್ಬ ಮಗಳನ್ನು ದೇವರಿಗೆ ಬಿಟ್ಟು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಅವಳು ಮಗನಂತೆ ತಂದೆಯ ಆಸ್ತಿಗೆ ಹಕ್ಕುದಾರಳು, ತಂದೆ ತಾಯಿಯ ಕರ್ಮಕ್ಕೂ ಅವಳೇ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳಲ್ಲಿ ಇದರ ವಿವರವಿದೆ. ಈ ಹಕ್ಕಿಗೆ ಅವಳು ತೆರಬೇಕಾದ ಬೆಲೆ ಮದುವೆಯಿಲ್ಲದ ಬದುಕು ಮತ್ತು ಉಳ್ಳವರಿಗೆ ಒಡ್ಡಿದ ಮೈ. ದಲಿತ ಮನೆಗಳಲ್ಲಿ ಆಸ್ತಿಯೇ ಇಲ್ಲದಿದ್ದಾಗ ಹಕ್ಕು ಹೆಸರಿಗಷ್ಟೇ ಉಳಿದು ಶೋಷಣೆ ಪೂರ್ತಿಯಾಗಿ ಉಳಿಯಿತು. ವಸಾಹತು ಕಾಲದ ಕಾನೂನಿಗೂ ಸುಧಾರಕರಿಗೂ ಕಂಡದ್ದು ಹೆಚ್ಚಾಗಿ ನೈತಿಕತೆಯ ಪ್ರಶ್ನೆ. ಮಗಳಿಗೆ ಮಗಳಾಗಿಯೇ ಆಸ್ತಿ ಸಿಗದಿರುವುದು ಈ ಪದ್ಧತಿಯ ಬೇರುಗಳಲ್ಲಿ ಒಂದು ಎಂಬುದು ಕಾನೂನಿಗೆ ಬರಲಿಲ್ಲ. 1947ರ ಮದ್ರಾಸ್ ದೇವದಾಸಿ ನಿಷೇಧ ಕಾಯ್ದೆ ಬಳ್ಳಾರಿಗೆ ಅನ್ವಯಿಸಿತು, ನದಿಯ ಈಚೆಗಿದ್ದ ನಿಜಾಮನ ಹಳ್ಳಿಗಳಿಗೆ ಅನ್ವಯಿಸಲಿಲ್ಲ. ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯ ಗುರುತಿಸಿದ ದೇವದಾಸಿಯರು ಒಟ್ಟು 46,660. ಅವರನ್ನು ಗುರುತಿಸಿದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಇವರ ಮಕ್ಕಳನ್ನು ಶಾಲೆಗೆ ಸೇರಿಸುವಾಗಲೂ ಜಾತಿ ಪ್ರಮಾಣಪತ್ರ ಕೇಳುವಾಗಲೂ ಅರ್ಜಿಯ ತಂದೆಯ ಹೆಸರಿನ ಜಾಗವೇ ದೊಡ್ಡ ಅವಮಾನವಾಗಿ ನಿಲ್ಲುತ್ತಿತ್ತು.

ನೀರಾವರಿಯ ಕಥೆ ಬರದಿಂದ ಶುರುವಾಗುತ್ತದೆ. 1876–78ರ ಮಹಾಬರ ಬಳ್ಳಾರಿ, ರಾಯಚೂರು, ಧಾರವಾಡಗಳನ್ನು ಹಿಂಡಿತು. ಪರಿಹಾರ ಕಾಮಗಾರಿಗಳಲ್ಲಿ ಗಂಡಸರು ಅಗೆದರು, ಹೆಂಗಸರು ಮತ್ತು ಮಕ್ಕಳು ಮಣ್ಣು ಹೊತ್ತರು. ಮದ್ರಾಸ್ ಪ್ರಾಂತದಲ್ಲಿ ಬರಪರಿಹಾರ ನೋಡಲು ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ 1877ರಲ್ಲಿ ಇಳಿಸಿದ ಕೂಲಿ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೆ ಒಂದಾಣೆ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ; ಮಣ್ಣುಗೆಲಸ ಮಾಡುವ ಮೈಗೆ ಅದು ಯಾವ ಮೂಲೆಗೂ ಸಾಲದು. ಹೆಂಗಸಿನ ಮೈಗೆ ಕಡಿಮೆ ಅನ್ನ ಸಾಕು ಎಂಬ ಲೆಕ್ಕ 1880ರ ಕ್ಷಾಮ ಆಯೋಗದ ನಂತರ ಬಂದ ಕ್ಷಾಮ ಸಂಹಿತೆಗಳಲ್ಲಿ ದರಪಟ್ಟಿಯಾಗಿ ನಿಂತಿತು. ಹೊಲಗೂಲಿಯಲ್ಲಿ ಗಂಡಾಳು, ಹೆಣ್ಣಾಳಿನ ಭೇದ ಮೊದಲೂ ಇತ್ತು. ಈಗ ಅದು ಸರ್ಕಾರದ್ದೇ ದರವಾಯಿತು.

ಬರದಿಂದ ಕಾಪಾಡುವಷ್ಟು ನೀರನ್ನು ಹೆಚ್ಚು ನೆಲಕ್ಕೆ ತೆಳುವಾಗಿ ಹಂಚುವ ರಕ್ಷಣಾ ನೀರಾವರಿಯ ಕಲ್ಪನೆ ಈ ಬರಗಳ ನೆರಳಿನಲ್ಲಿ ಹುಟ್ಟಿತು. ತುಂಗಭದ್ರೆಯ ನೀರಿನ ಯೋಜನೆಯನ್ನು 1860ರಲ್ಲೇ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಸೂಚಿಸಿದ್ದ. ಮದ್ರಾಸ್ ಮತ್ತು ಹೈದರಾಬಾದ್ ಒಪ್ಪಂದಕ್ಕೆ ಬಂದದ್ದು 1944ರಲ್ಲಿ. 1945ರ ಫೆಬ್ರುವರಿ 28ರಂದು ನದಿಯ ಎರಡೂ ದಡಗಳಲ್ಲಿ ಶಂಕುಸ್ಥಾಪನೆ ನಡೆಯಿತು. ಈಚೆ ನಿಜಾಮನ ಮಗ ಬೀರಾರಿನ ಯುವರಾಜ, ಆಚೆ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಕಲ್ಲು ಮತ್ತು ಸುರ್ಕಿಗಾರೆಯ ಅಣೆಕಟ್ಟು ಸ್ವತಂತ್ರ ಭಾರತದಲ್ಲಿ, 1953ರ ಹೊತ್ತಿಗೆ ನೀರು ಬಿಡುವ ಹಂತಕ್ಕೆ ಬಂತು. ಸುಮಾರು 90 ಹಳ್ಳಿಗಳು ಮುಳುಗಿದವು. ಆಚೆ ದಡದ ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸ ಬದುಕು ಕಟ್ಟಿಕೊಂಡರು. ಭೂಮಿಯ ಪರಿಹಾರ ದಾಖಲೆಯಲ್ಲಿ ಹೆಸರಿದ್ದವರಿಗೆ ಹೋಯಿತು. ನದಿಯಂಚಿನಲ್ಲಿ ಸೊಪ್ಪು ತರಕಾರಿ ಬೆಳೆದು, ಪುಳ್ಳೆ ಆರಿಸಿ, ಕೂಲಿ ಮಾಡಿ ಬದುಕಿದ ಹೆಂಗಸರ ನಷ್ಟಕ್ಕೆ ಸರ್ವೆ ನಂಬರ್ ಇರಲಿಲ್ಲ.

ಅದೇ ವರ್ಷಗಳಲ್ಲಿ ಆಳ್ವಿಕೆಯೂ ಬದಲಾಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿತು, 1949ರಲ್ಲಿ ಜಹಗೀರುಗಳು ರದ್ದಾದವು, 1950ರಲ್ಲಿ ಗೇಣಿ ಕಾಯ್ದೆ ಬಂತು, 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಜಹಗೀರಿನ ಹಿಡಿತ ಮುರಿದದ್ದು ಸಣ್ಣ ಬದಲಾವಣೆ ಅಲ್ಲ. ಸಾವಿರಾರು ಮನೆಗಳು ಮೊದಲ ಬಾರಿಗೆ ತಮ್ಮ ನೆಲಕ್ಕೆ ತಾವೇ ಯಜಮಾನರಾದವು. ಆದರೆ ಗೇಣಿಯ ಹಕ್ಕು ಬರೆದದ್ದು ಮನೆಯ ಗಂಡಸಿನ ಹೆಸರಿಗೆ, 1974ರ ಭೂಸುಧಾರಣೆಯಲ್ಲೂ ಹಾಗೆಯೇ. 1952ರ ಅಕ್ಟೋಬರ್ 2ರಂದು ಶುರುವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಹಳ್ಳಿಗೆ ಇಬ್ಬರನ್ನು ಕಳಿಸಿತು. ಗ್ರಾಮಸೇವಕ ಗಂಡಸರಿಗೆ ಹೊಸ ಬೀಜ, ಗೊಬ್ಬರದ ವಿಷಯ ಹೇಳಿದ. ಗ್ರಾಮಸೇವಿಕೆ ಹೆಂಗಸರಿಗೆ ಹೊಗೆಯಿಲ್ಲದ ಒಲೆ, ಹೊಲಿಗೆ, ಮಕ್ಕಳ ಪಾಲನೆ ಹೇಳಿದಳು. ಹೊಗೆಯಿಲ್ಲದ ಒಲೆ ಬೇಡದ್ದೇನಲ್ಲ. ತಲೆಮಾರುಗಳಿಂದ ಬೀಜ ಆರಿಸಿದವಳಿಗೆ ಬೀಜದ ವಿಷಯ ಹೇಳುವ ಅಗತ್ಯ ಯಾರಿಗೂ ತೋರಲಿಲ್ಲ ಎಂಬುದು ದೋಷ. ಆಫ್ರಿಕಾದಲ್ಲೂ ಇದೇ ಆಗಿತ್ತು. ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ತರ್ ಬೋಸರಪ್ 1970ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ಹೆಂಗಸರೇ ಬೇಸಾಯ ಮಾಡುತ್ತಿದ್ದ ಕಡೆಯೂ ವಸಾಹತು ಅಧಿಕಾರಿಗಳು ನೆಲದ ಪಟ್ಟೆ, ವಾಣಿಜ್ಯ ಬೆಳೆ, ತರಬೇತಿ ಎಲ್ಲವನ್ನೂ ಗಂಡಸರಿಗೆ ಕೊಟ್ಟರು. ಸ್ವತಂತ್ರ ಸರ್ಕಾರಗಳು ಅದನ್ನೇ ಮುಂದುವರಿಸಿದವು.

ಮುನಿರಾಬಾದಿನಿಂದ ಹೊರಟ 227 ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರುಗಳ ಕಡೆ ಹರಿಯಿತು. ಯೋಜನೆಯ ಲೆಕ್ಕದಂತೆ ಹೆಚ್ಚಿನ ನೆಲದಲ್ಲಿ ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಬರಬೇಕಿತ್ತು. ಕರಾವಳಿ ಆಂಧ್ರದಿಂದ ಬಂದ ರೈತರು ಅಗ್ಗಕ್ಕೆ ಜಮೀನು ಕೊಂಡು, ಕ್ಯಾಂಪು ಎಂಬ ಹೊಸ ವಸತಿಗಳನ್ನು ಕಟ್ಟಿ, ಭತ್ತ ಹಚ್ಚಿದರು. ಗಂಗಾವತಿ ಭತ್ತದ ಕಣಜವಾಯಿತು, ಕಾಲುವೆಯ ಕೊನೆಭಾಗದ ಹೊಲಗಳು ನೀರಿಗೆ ಬಾಯಿ ಬಿಟ್ಟವು. ಹುಲಿಹೈದರ, ಕನಕಗಿರಿಗಳ ಎತ್ತರದ ಬೆದ್ದಲಿಗೆ ಆ ನೀರು ಏರಲಿಲ್ಲ. ಅಲ್ಲಿನ ಹೆಂಗಸರಿಗೆ ಸಿಕ್ಕದ್ದು ಕಾಲುವೆಯ ಕೂಲಿ.

ನಾಟಿಯ ಕಾಲದಲ್ಲಿ ಕೋಳಿ ಕೂಗುವ ಮೊದಲೇ ಎದ್ದು, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಟಂಟಂ ಹತ್ತುವ ಹೆಂಗಸರ ಗುಂಪುಗಳು ಬೆದ್ದಲ ಊರುಗಳಿಂದ ಗದ್ದೆಬಯಲಿಗೆ ಇಳಿಯುತ್ತವೆ. ಎಕರೆಗೆ ಇಷ್ಟು ಎಂದು ಗುತ್ತಿಗೆ. ಗುಂಪು ದೊಡ್ಡದಾದಷ್ಟೂ ಪಾಲು ಸಣ್ಣದು, ಸಣ್ಣದಾದಷ್ಟೂ ದಿನ ಉದ್ದ. ಸಸಿಯ ಕಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕೆಸರಿಗೆ ಒತ್ತುತ್ತ ಹಿಂದಕ್ಕೆ ಹೆಜ್ಜೆ ಇಡಬೇಕು. ಸಂಜೆಗೆ ಸೊಂಟ ಬಿದ್ದಿರುತ್ತದೆ, ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಟ್ರ್ಯಾಕ್ಟರ್ ಬಂದಾಗ ಉಳುಮೆಯ ಭಾರ ಗಂಡಸಿನ ಹೆಗಲಿನಿಂದ ಇಳಿಯಿತು, ಯಂತ್ರ ನಡೆಸುವ ಕೌಶಲದ ಕೂಲಿಯೂ ಅವನಿಗೇ ಸಿಕ್ಕಿತು. ಬಗ್ಗಿ ಮಾಡುವ ಕೆಲಸ ಹೆಂಗಸಿನದಾಗಿಯೇ ಉಳಿಯಿತು. ಈಗ ನಾಟಿ ಯಂತ್ರವೂ ನೇರ ಕೂರಿಗೆ ಬಿತ್ತನೆಯೂ ಬರುತ್ತಿವೆ. ಸೊಂಟನೋವಿನ ಜೊತೆಗೆ ಕೂಲಿಯೂ ಹೋಗುತ್ತದೆ.

ಬೆದ್ದಲ ತಾಲ್ಲೂಕುಗಳಿಗೆ ಬಂದ ಅಭಿವೃದ್ಧಿ ಬೇರೆ ತರಹದ್ದು. ಧಾರವಾಡದಲ್ಲಿ ಬಿ.ಎಚ್. ಕಟರ್ಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಿಡುಗಡೆಯಾದ ಮೇಲೆ ಹೈಬ್ರಿಡ್ ಬೀಜೋತ್ಪಾದನೆ ಉತ್ತರ ಕರ್ನಾಟಕದಲ್ಲಿ ದೊಡ್ಡ ಉದ್ಯಮವಾಗಿ ಬೆಳೆಯಿತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಲ್ಲಿ ಬೋರ್‌ವೆಲ್ ಇದ್ದವರು ಕಂಪನಿಗಳ ಗುತ್ತಿಗೆಗೆ ಹತ್ತಿ, ಟೊಮೆಟೊ, ಮೆಣಸಿನಕಾಯಿ, ಬೆಂಡೆಯ ಬೀಜ ಬೆಳೆದರು. ಊರವರು ಈ ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ನಾಳೆ ಅರಳುವ ಹತ್ತಿಯ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಗುರುತಿಸಿ, ಉಗುರಿನಿಂದ ಎಸಳನ್ನೂ ಪರಾಗದ ಗುಂಡುಗಳನ್ನೂ ಸುಲಿದು, ಒಳಗಿನ ಕಡ್ಡಿಗೆ ಪೆಟ್ಟಾಗದಂತೆ ಬಿಟ್ಟು ಮುಚ್ಚಬೇಕು. ಮರುದಿನ ಬೆಳಿಗ್ಗೆ ಗಂಡುಹೂ ತಂದು ಆ ಕಡ್ಡಿಯ ತುದಿಗೆ ಸವರಬೇಕು. ಒಂದು ಮೊಗ್ಗು ಕಣ್ತಪ್ಪಿದರೂ ಬೀಜದ ಶುದ್ಧತೆ ಕೆಡುತ್ತದೆ, ಕಂಪನಿ ರಾಶಿಯನ್ನೇ ವಾಪಸ್ ಕಳಿಸಬಹುದು. ಸಣ್ಣ ಬೆರಳು ಬೇಕು ಎಂಬ ನೆಪ ಹೇಳಿ, ಕಡಿಮೆ ಕೂಲಿ ಸಾಕು ಎಂಬ ನಿಜ ಕಾರಣಕ್ಕೆ, ಶಾಲೆ ಬಿಡಿಸಿದ ಹುಡುಗಿಯರನ್ನು ಇದಕ್ಕೆ ಹಚ್ಚಿದರು. ಅನೇಕ ಕಡೆ ಮನೆಯವರಿಗೆ ಮುಂಗಡ ಕೊಟ್ಟು ಹಂಗಾಮು ಪೂರ್ತಿ ಕಟ್ಟಿಹಾಕಿದರು. 2011ರ ಜನಗಣತಿಯಲ್ಲಿ ಜಿಲ್ಲೆಯ ಗಂಡಸರ ಸಾಕ್ಷರತೆ ಸುಮಾರು 78%, ಹೆಂಗಸರದು ಸುಮಾರು 57%. ಈ ಅಂತರದ ಹಿಂದೆ ಇಂಥ ಹೊಲಗಳೂ ಇವೆ. ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಕೂಡಿಟ್ಟು ಮರುವರ್ಷ ಬಿತ್ತಿದರೆ ಅದೇ ಇಳುವರಿ ಬಾರದು. ಆದ್ದರಿಂದ ಗಡಿಗೆಯ ಬೀಜಕ್ಕೆ ಕೆಲಸವಿಲ್ಲ. ಬೀಜ ಕಾಪಾಡಿದವಳ ಮೊಮ್ಮಗಳು ಬೀಜದ ಕೂಲಿಯಾದಳು, ಅವಳ ಮನೆಯವರು ಬೀಜವನ್ನು ಪೊಟ್ಟಣದಲ್ಲಿ ಕೊಳ್ಳುವವರಾದರು.

ಕಾನೂನು ತಡವಾಗಿಯಾದರೂ ಬದಲಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನ ಹಕ್ಕು ಕೊಡಲಿಲ್ಲ. ಕರ್ನಾಟಕದ 1994ರ ತಿದ್ದುಪಡಿ ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಮದುವೆಯ ಭೇದ ತೆಗೆಯಿತು. ಹಳ್ಳಿಯಲ್ಲಿ ಇದರ ಪರಿಣಾಮ ಎರಡು ಬಗೆಯದು. ಜಮೀನು ಮಾರುವಾಗ, ಭಾಗ ಮಾಡುವಾಗ ಈಗ ಅಕ್ಕತಂಗಿಯರನ್ನು ಕರೆಯಲೇಬೇಕು. ಕರೆದು ಹೆಚ್ಚಾಗಿ ಮಾಡಿಸುವುದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ನಾಗಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ. ಗಂಡನ ಮನೆಯಲ್ಲಿ ಕಷ್ಟ ಬಂದರೆ ನಿಲ್ಲಲು ಬೇರೆ ಜಾಗವಿಲ್ಲದ ಹೆಂಗಸಿಗೆ ಆ ಬಾಗಿಲು ಎಕರೆ ನೆಲಕ್ಕಿಂತ ದೊಡ್ಡದು. ಅವಳ ಸಹಿಯನ್ನು ಅಜ್ಞಾನ ಎನ್ನುವುದು ಅನ್ಯಾಯ. ಅದು ಲೆಕ್ಕ ಹಾಕಿಯೇ ಹಾಕಿದ ಸಹಿ.

ಬಿತ್ತನೆ ಇಲ್ಲದ ತಿಂಗಳುಗಳಲ್ಲಿ ಕುಷ್ಟಗಿ, ಯಲಬುರ್ಗಾ, ಕನಕಗಿರಿಗಳಿಂದ ಜನ ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತಾರೆ. ಕಟ್ಟಡದ ಕೆಲಸದಲ್ಲಿ ಗಂಡಸು ಮೇಸ್ತ್ರಿಯಾಗಬಹುದು. ಹೆಂಗಸು ಸಿಮೆಂಟ್ ಬುಟ್ಟಿ ಹೊರುವವಳಾಗಿಯೇ ಇರುತ್ತಾಳೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದ್ದರೂ ಇಲ್ಲಿನ ಹೊಲಗೂಲಿಯಲ್ಲಿ ಗಂಡಾಳಿಗೂ ಹೆಣ್ಣಾಳಿಗೂ ಬೇರೆ ಬೇರೆ ದರವೇ ನಡೆದುಕೊಂಡು ಬಂತು. 2005ರ ಉದ್ಯೋಗ ಖಾತರಿ ಕಾಯ್ದೆ ಗಂಡು ಹೆಣ್ಣಿಗೆ ಒಂದೇ ಕೂಲಿಯನ್ನು ಊರಿನೊಳಗೆ ತಂದಿತು. ಕ್ಷಾಮ ಕಾಮಗಾರಿಯಂತೆ ಇಲ್ಲಿಯೂ ಕೆರೆಯ ಹೂಳು ತೆಗೆಯುವುದು, ಬದು ಹಾಕುವುದು, ಮಣ್ಣು ಹೊರುವುದು. ಬದಲಾದದ್ದು ದರಪಟ್ಟಿ: ಹೆಂಗಸಿಗೆ ಬೇರೆ ಸಾಲಿರಲಿಲ್ಲ. ಕೆಲಸ ಪಡೆಯುವವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂದು ಕಾಯ್ದೆಯೇ ಹೇಳಿತು. ಜಮೀನಿನ ದಾಖಲೆ ಕೇಳದೆ ಜಾಬ್ ಕಾರ್ಡಿನಲ್ಲಿ ಅವಳ ಹೆಸರನ್ನೂ ಬರೆಯಲಾಯಿತು. ಕೂಲಿ ಅವಳದೇ ಬ್ಯಾಂಕ್ ಖಾತೆಗೆ ಬರುವುದು ರೂಢಿಯಾಯಿತು. ಕೆರೆಯಂಗಳದಲ್ಲಿ ಈ ಕೂಲಿ ಸಿಗತೊಡಗಿದ ಮೇಲೆ, ಕಳೆ ತೆಗೆಯಲು ಕರೆಯುವ ಜಮೀನುದಾರನ ಮುಂದೆ ಹೆಂಗಸರು ಅದೇ ದರವನ್ನು ಎತ್ತಿ ಹೇಳಿ ಚೌಕಾಸಿ ಮಾಡಲು ಒಂದು ಆಧಾರ ಸಿಕ್ಕಿತು.